ಮನೆಯಲ್ಲಿ ಗುಡುಗುವ ಗಿಟಾರ್ ತಂಡದೊಳಗೆ ಏಕೆ ಮಾಯವಾಗುತ್ತದೆ? ಮೆಟಲ್‌ಗೆ ಆಂಪ್ ಆರಿಸುವ ಕುರಿತು

ತಗ್ಗುಶ್ರುತಿ:

ನಮ್ಮದು ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಐದು ಜನರ ತಂಡ. ಇಬ್ಬರು ಗಿಟಾರ್ ನುಡಿಸುತ್ತೇವೆ, ಉಳಿದಂತೆ ಬೇಸ್ ಗಿಟಾರ್, ಡ್ರಮ್ಸ್ ಮತ್ತು ಗಾಯನವಿದೆ. ಆರು ತಂತಿಯ ಗಿಟಾರನ್ನೇ ಡ್ರಾಪ್ ಸಿ ಶ್ರುತಿಗೆ (ಅತಿ ದಪ್ಪ ತಂತಿ ಸಿ ಸ್ವರಕ್ಕೆ ಇಳಿದಿರುವ ಶ್ರುತಿ) ಇಳಿಸಿ ನುಡಿಸುವುದು ನಮ್ಮ ರೂಢಿ. ನನ್ನ ಬಳಿ ಇರುವುದು ಹನ್ನೆರಡು ಇಂಚಿನ ಒಂದೇ ಸ್ಪೀಕರಿನ, ಹಿಂಬದಿ ತೆರೆದಿರುವ, 40 ವ್ಯಾಟ್‌ನ ಟ್ರಾನ್ಸಿಸ್ಟರ್ ಕಾಂಬೊ, ಅಂದರೆ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು. ಗೇನ್ (ನಾದವನ್ನು ಒರಟಾಗಿಸುವ ಗುಂಡಿ) 9, ಬೇಸ್ (ಮಂದ್ರ) 8, ಮಿಡ್ (ಮಧ್ಯ) 2, ಟ್ರೆಬಲ್ (ಮೇಲಿನ ಸ್ವರಗಳು) 8ಕ್ಕೆ ಇಟ್ಟುಕೊಂಡು ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಗೋಡೆಯೇ ಎದ್ದು ಬಂದಂತೆ ಕೇಳುವ ನಾದವು, ಅಭ್ಯಾಸದಲ್ಲಿ ಡ್ರಮ್ಸ್ ಶುರುವಾದ ಮರುಕ್ಷಣವೇ ಕರಗಿಹೋಗುತ್ತದೆ. ನನ್ನ ಬೆರಳು ಓಡುತ್ತಿರುವುದು ನನಗೇ ಕಾಣುತ್ತದೆ, ಆದರೆ ಕೇಳುವುದು ಜೇನುಗೂಡಿಗೆ ಕಲ್ಲು ಬಿದ್ದಂಥ ಗುಂಯ್‌ಗುಡುವಿಕೆ ಮಾತ್ರ.

ಹೀಗಾಗಿ ಹೊಸ ಆಂಪ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ಮಾರ್ಷಲ್‌ನ ಜೆಸಿಎಂ800 ಬಗೆಯದೋ, ಪೀವಿಯ 5150 ವಂಶದ್ದೋ, ಮೆಸಾದ ರೆಕ್ಟಿಫೈಯರ್ ಬಗೆಯದೋ ಎಂದು ತೀರ್ಮಾನಿಸಲಾಗದೆ ತಿಂಗಳುಗಟ್ಟಲೆ ವಿಡಿಯೊಗಳನ್ನು ನೋಡಿದ್ದೇನೆ. 50 ವ್ಯಾಟ್ ಸಾಕೇ, 100 ಬೇಕೇ? ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬಳಸುವ ಆಂಪ್ ಇಲ್ಲದೆ ಈ ಸಂಗೀತ ಸಾಧ್ಯವೇ ಇಲ್ಲ ಎನ್ನುವವರ ಮಾತು ಎಷ್ಟು ನಿಜ? ಅನುಭವಿಗಳು ದಯವಿಟ್ಟು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಿ.

ಹಳೆಯವಾಲ್ವ್:

ಏನನ್ನೂ ಕೊಳ್ಳುವ ಮೊದಲು ಈಗಿರುವ ಕಾಂಬೊದಲ್ಲೇ ಒಂದು ವಾರ ಕಳೆಯಿರಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನೀವು ಬರೆದಿರುವ ಗುಂಡಿಗಳ ಸ್ಥಾನಗಳನ್ನು ಯಾವ ಆಂಪ್‌ಗೆ ಹಾಕಿದರೂ ಫಲಿತಾಂಶ ಹೆಚ್ಚುಕಡಿಮೆ ಇದೇ ಆಗಿರುತ್ತದೆ. ನಾನೂ ಮೂರು ಆಂಪ್‌ಗಳನ್ನು ಬದಲಿಸಿದ ಮೇಲೆಯೇ ಈ ಮಾತನ್ನು ನಂಬಿದವನು.

ನಿಮ್ಮ ಕೆಳಗಿನ ತಂತಿಯ ಸಿ ಸ್ವರದ ಮೂಲ ಆವರ್ತನ ಸುಮಾರು 65 ಹರ್ಟ್ಜ್. ಬೇಸ್ ಗಿಟಾರ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಅಂದರೆ 33 ಹರ್ಟ್ಜ್ ಆಸುಪಾಸಿನಲ್ಲಿ ನುಡಿಯುತ್ತದೆ, ಆದರೆ ಅದರ ಎರಡನೆಯ ಹರಾತ್ಮಕ (ಮೂಲದ ಎರಡು ಪಟ್ಟು ಆವರ್ತನದ ಉಪಸ್ವರ) ಬಂದು ಕೂರುವುದು ನಿಮ್ಮ 65ರ ಮೇಲೆಯೇ. ಕಿಕ್ ಡ್ರಮ್ಮಿನ ಗುದ್ದು ಇರುವುದೂ ಅದೇ ನೆರೆಹೊರೆಯಲ್ಲಿ. ಮೇಲುಗಡೆ, ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ, ಸಿಂಬಲ್‌ಗಳ ರಾಜ್ಯ. ಬೇಸ್ ಮತ್ತು ಟ್ರೆಬಲ್ ಗುಂಡಿಗಳನ್ನು 8ಕ್ಕೆ ಏರಿಸಿ ಮಿಡ್ ಅನ್ನು 2ಕ್ಕೆ ಇಳಿಸಿದಾಗ, ಬೇರೆಯವರು ಈಗಾಗಲೇ ತುಂಬಿರುವ ಎರಡು ಜಾಗಗಳಲ್ಲಿ ನೀವು ನೂಕುನುಗ್ಗಲು ಮಾಡುತ್ತೀರಿ. ಗಿಟಾರಿಗೆಂದೇ ಖಾಲಿ ಉಳಿದಿದ್ದ ಮಧ್ಯದ ಜಾಗವನ್ನು, ಅಂದರೆ ಸರಿಸುಮಾರು 400ರಿಂದ 3,000 ಹರ್ಟ್ಜ್ ವರೆಗಿನ ಪಟ್ಟಿಯನ್ನು, ಬಿಟ್ಟುಕೊಡುತ್ತೀರಿ.

ಹಾಗಾದರೆ ಒಬ್ಬರೇ ನುಡಿಸುವಾಗ ಅದು ಏಕೆ ಚೆನ್ನಾಗಿ ಕೇಳುತ್ತದೆ? ಕಡಿಮೆ ಸದ್ದಿನಲ್ಲಿ ಮನುಷ್ಯನ ಕಿವಿ ಮಂದ್ರ ಸ್ವರಗಳನ್ನೂ ಅತಿ ಎತ್ತರದ ಸ್ವರಗಳನ್ನೂ ಮಧ್ಯದ ಸ್ವರಗಳಷ್ಟು ಸಮರ್ಥವಾಗಿ ಗ್ರಹಿಸುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿ ಪ್ರಕಟಿಸಿದ ಸಮಪ್ರಬಲತೆಯ ರೇಖೆಗಳು ತೋರಿಸುವುದು ಇದನ್ನೇ. ನಿಮ್ಮ ಕೈ ತಾನಾಗಿಯೇ ಬೇಸ್ ಮತ್ತು ಟ್ರೆಬಲ್ ಏರಿಸಿ ಕಿವಿಯ ಕೊರತೆಯನ್ನು ತುಂಬುತ್ತದೆ. ಅದೇ ಆಂಪನ್ನು ಡ್ರಮ್ಸ್‌ಗೆ ಸಮನಾಗಿ ಜೋರು ಮಾಡಿದಾಗ ಕಿವಿಯ ಆ ಕೊರತೆ ಬಹಳ ತಗ್ಗುತ್ತದೆ, ಆದರೆ ನೀವು ಹಾಕಿದ ಹೆಚ್ಚುವರಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ತಂಡಕ್ಕಾಗಿ ನಾದ ಹೊಂದಿಸುವ ಕೆಲಸವನ್ನು ತಂಡದ ಸದ್ದಿನಲ್ಲಿ, ತಂಡ ನುಡಿಸುತ್ತಿರುವಾಗಲೇ ಮಾಡಬೇಕು. ಮುಂದಿನ ಅಭ್ಯಾಸದಲ್ಲಿ ಬೇಸ್ 4, ಮಿಡ್ 6, ಟ್ರೆಬಲ್ 5, ಗೇನ್ 5ಕ್ಕೆ ಇಟ್ಟು ನೋಡಿ. ಒಬ್ಬರೇ ಇದ್ದಾಗ ಅದು ಡಬ್ಬಿಯೊಳಗಿಂದ ಬಂದಂತೆ ಕೇಳಬಹುದು, ಹೆದರಬೇಡಿ.

ಕರಿಮೋಡ:

ಮಿಡ್ ತೆಗೆದರೆ ತಪ್ಪು ಎಂಬ ಈ ಉಪದೇಶ ಎಲ್ಲ ಚರ್ಚೆಗಳಲ್ಲೂ ಬರುತ್ತದೆ. ಎಂಬತ್ತರ ದಶಕದ ಥ್ರ್ಯಾಷ್ (ವೇಗದ ಮೆಟಲ್) ಧ್ವನಿಮುದ್ರಣಗಳಲ್ಲಿ ಮಧ್ಯ ತೋಡಿ ತೆಗೆದಿರುವುದು ಎಲ್ಲರ ಕಿವಿಗೂ ಗೊತ್ತಿರುವ ಸಂಗತಿ. ಪ್ಯಾಂಟೆರಾ ತಂಡದ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ ಹೆಸರು ಮಾಡಿದ್ದು ರ‍್ಯಾಂಡಲ್‌ನ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ, ಅದೂ ಮಧ್ಯ ತೆಗೆದ ನಾದದಲ್ಲಿ. ಅವರೆಲ್ಲ ಮಾಯವಾಗಿ ಹೋದರೇ?

ಧ್ವನಿಫಲಕ:

ಕರಿಮೋಡ ಅವರ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆ ಉದಾಹರಣೆಗಳ ಒಳಗೆ ಇಣುಕಿದರೆ ಬೇರೆಯೇ ಪಾಠ ಸಿಗುತ್ತದೆ. ಪ್ಯಾಂಟೆರಾದಲ್ಲಿ ಇದ್ದದ್ದು ಒಬ್ಬನೇ ಗಿಟಾರ್ ವಾದಕ, ಹಾಗಾಗಿ ಜಾಗಕ್ಕೆ ಜಗಳವಿರಲಿಲ್ಲ. ಥ್ರ್ಯಾಷ್ ಧ್ವನಿಮುದ್ರಣಗಳಲ್ಲಿ ಕೇಳುವುದು ಒಂದೇ ರಿಫ್ಫನ್ನು (ಮರುಕಳಿಸುವ ಸ್ವರಗುಚ್ಛವನ್ನು) ಹಲವು ಬಾರಿ ನುಡಿಸಿ ಎಡಬಲಕ್ಕೆ ಹಂಚಿದ ನಾದ, ಅದಕ್ಕೆ ಮಿಶ್ರಣದ ಮೇಜಿನ ಸಹಾಯವೂ ಇದೆ. ಅಭ್ಯಾಸದ ಕೋಣೆಯಲ್ಲಿ ನಮಗೆ ಇವೆರಡೂ ಇರುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಆ ಕಾಲದ ಮೆಸಾ ಬೂಗಿ ಮಾರ್ಕ್ ಸರಣಿಯ ಆಂಪ್‌ಗಳ ಒಳಗಿದೆ. ಅವುಗಳಲ್ಲಿ ಬೇಸ್, ಮಿಡ್, ಟ್ರೆಬಲ್ ಗುಂಡಿಗಳ ಮಂಡಲ (ಸರ್ಕ್ಯೂಟ್) ಇರುವುದು ಗೇನ್ ಹಂತಗಳಿಗಿಂತ ಮೊದಲು. ಅಲ್ಲಿ ಬೇಸ್ ಗುಂಡಿಯನ್ನು ಏರಿಸಿದರೆ ಮಂದ್ರವೆಲ್ಲ ಡಿಸ್ಟಾರ್ಷನ್ ಒಳಕ್ಕೆ ಸುರಿದು ಗಂಜಿಯಾಗುತ್ತದೆ, ಆದ್ದರಿಂದಲೇ ಬಳಕೆದಾರರು ಅದನ್ನು ಸೊನ್ನೆಗೆ ಹತ್ತಿರದಲ್ಲೇ ಇಡುತ್ತಾರೆ. ಗೇನ್ ಮುಗಿದ ಮೇಲೆ 80, 240, 750, 2,200 ಮತ್ತು 6,600 ಹರ್ಟ್ಜ್‌ಗಳ ಐದು ಜಾರುಗುಂಡಿಗಳ ಈಕ್ವಲೈಜರ್ ಬರುತ್ತದೆ. ಕಳೆದುಕೊಂಡ ಮಂದ್ರವನ್ನು ಅಲ್ಲಿ 80ರ ಗುಂಡಿಯಿಂದ ಮರಳಿ ಪಡೆಯುತ್ತಾರೆ, 750ರದನ್ನು ಕೆಳಕ್ಕೆ ಎಳೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಆ ಕಣಿವೆಯ ಆಕಾರ ಮಾತ್ರ. ನನ್ನ ತಿಳಿವಳಿಕೆಯಲ್ಲಿ ಆ ನಾದದ ಬಿಗಿ ಹುಟ್ಟುವುದು ಗೇನ್‌ಗೆ ಮೊದಲು ಮಾಡಿದ ಕತ್ತರಿಕೆಯಲ್ಲಿ.

ಇದು ಏಕೆ ಎಂದು ಕೇಳಬಹುದು. ಡಿಸ್ಟಾರ್ಷನ್ ಎಂದರೆ ಅಲೆಯ ತಲೆಯನ್ನು ಸವರುವುದು. ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳಷ್ಟು ಆವರ್ತನದ ಹೊಸ ಸ್ವರಗಳು ಹುಟ್ಟುತ್ತವೆ. ಸಿ ಮತ್ತು ಜಿ ಸೇರಿದ ಪವರ್ ಕಾರ್ಡ್ ತೆಗೆದುಕೊಳ್ಳಿ: 65.4 ಮತ್ತು 98 ಹರ್ಟ್ಜ್‌ಗಳ ವ್ಯತ್ಯಾಸ 32.6, ಅಂದರೆ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿನ ಸಿ. ಪವರ್ ಕಾರ್ಡ್ ಅಷ್ಟು ದೊಡ್ಡದಾಗಿ ಕೇಳುವುದು ಇದರಿಂದ, ಯಾರೂ ನುಡಿಸದ ಮಂದ್ರ ಸ್ವರವೊಂದನ್ನು ಆಂಪ್ ತಾನೇ ಸೃಷ್ಟಿಸಿರುತ್ತದೆ. ಅದೇ ತಗ್ಗಿನಲ್ಲಿ ಸಿ ಮತ್ತು ಇ ನುಡಿಸಿದರೆ ವ್ಯತ್ಯಾಸ 17 ಹರ್ಟ್ಜ್. ಅದು ಸ್ವರವಾಗಿ ಕೇಳುವುದಿಲ್ಲ, ಕಂಪನವಾಗಿ ಎಲ್ಲವನ್ನೂ ಅಲುಗಾಡಿಸುತ್ತದೆ. ಸಾಲದ್ದಕ್ಕೆ ನಮ್ಮ ಫ್ರೆಟ್‌ಗಳ ಸಮವಿಭಜಿತ ಶ್ರುತಿಯಲ್ಲಿ ಆ ಗಾಂಧಾರ ಶುದ್ಧ ಅನುಪಾತಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ ಅಂತರದ ನೂರರಲ್ಲೊಂದು ಭಾಗ ಒಂದು ಸೆಂಟ್) ಮೇಲಿರುತ್ತದೆ, ಪಂಚಮವಾದರೋ ಬರೀ 2 ಸೆಂಟ್ ತಗ್ಗಿರುತ್ತದೆ. ಗೇನ್ ಏರಿಸಿದಷ್ಟೂ ಈ ಅನಪೇಕ್ಷಿತ ಸಂತಾನ ಹೆಚ್ಚುತ್ತದೆ, ಮಂದ್ರ ಹೆಚ್ಚು ಕೊಟ್ಟಷ್ಟೂ ಅದು ರಾಡಿಯಾಗುತ್ತದೆ.

ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ ಪೆಡಲನ್ನು (ಕಾಲಿನಿಂದ ಒತ್ತುವ ನಾದಪೆಟ್ಟಿಗೆಯನ್ನು) ಮೆಟಲ್ ವಾದಕರು ಡ್ರೈವ್ ಸೊನ್ನೆಗೂ ಲೆವೆಲ್ ಪೂರ್ತಿಗೂ ಇಟ್ಟು ಆಂಪಿನ ಮುಂದೆ ಹಾಕುವುದೂ ಇದೇ ಕಾರಣಕ್ಕೆ. ಅದರ ಗೇನ್ ಹಂತವು ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಕ್ರಮೇಣ ಕಡಿಮೆ ವರ್ಧನೆ ಕೊಡುತ್ತದೆ. ಆ ಪೆಡಲ್ ನಿಮಗೆ ಡಿಸ್ಟಾರ್ಷನ್ ಕೊಡಲೆಂದು ಅಲ್ಲಿ ಕೂತಿಲ್ಲ, ಆಂಪಿನ ಬಾಗಿಲಲ್ಲಿ ನಿಂತು ಮಂದ್ರವನ್ನು ಸೋಸುವ ಜರಡಿ ಅದು.

ಕರಿಮೋಡ:

ನಾನು ನುಡಿಸುವುದು ಡೂಮ್ ಎಂಬ ನಿಧಾನಗತಿಯ ಮೆಟಲ್. ನಿಧಾನವಾದ ಸಂಗೀತದಲ್ಲಿ ನೀವು ಹೇಳುವ ಆ ರಾಡಿಯೇ ನನಗೆ ಬೇಕು. ಫಜ್ ಪೆಡಲ್ ಹಾಕಿ, ಮಂದ್ರವನ್ನು ಸಡಿಲ ಬಿಟ್ಟು, ಸ್ವರ ಉಸಿರಾಡುವುದನ್ನು ಕೇಳುವ ಸುಖವೇ ಬೇರೆ. ಎಲ್ಲರೂ ಹೊಲಿಗೆಯಂತ್ರದಂತೆ ಬಿಗಿಯಾಗಿ ಕೇಳಬೇಕೆಂದೇನೂ ಇಲ್ಲ. ಈ ಇಡೀ ಪರಂಪರೆ ಶುರುವಾದದ್ದು ಬ್ಲ್ಯಾಕ್ ಸಬಾತ್‌ನ ಟೋನಿ ಐಯೋಮಿಯಿಂದ. ಅವರು ಯಾವ ಜರಡಿಯನ್ನು ಹಿಡಿದಿದ್ದರು?

ಹಳೆಯವಾಲ್ವ್:

ಅವರೂ ಹಿಡಿದಿದ್ದರು. ಐಯೋಮಿಯವರ ಲೇನಿ ಆಂಪ್‌ನ ಮುಂದೆ ಇದ್ದದ್ದು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್. ಹೆಸರೇ ಹೇಳುವಂತೆ ಅದು ಮೇಲಿನ ಸ್ವರಗಳನ್ನು ಎತ್ತಿ ಕೊಡುವ ಪೆಟ್ಟಿಗೆ, ಮಂದ್ರ ಅದರ ಮೂಲಕ ದಾಟುವುದೇ ಕಡಿಮೆ. ಕಾರ್ಖಾನೆಯ ಅಪಘಾತದಲ್ಲಿ ಬೆರಳತುದಿಗಳನ್ನು ಕಳೆದುಕೊಂಡ ಕಾರಣ ಅವರು ತೆಳ್ಳನೆಯ ತಂತಿಗಳನ್ನು ಹಾಕಿಕೊಂಡರು, ಮುಂದೆ ಶ್ರುತಿಯನ್ನೂ ತಗ್ಗಿಸಿದರು. ಭಾರ ಎನ್ನುವುದು ಬಂದದ್ದು ತಗ್ಗಿದ ಶ್ರುತಿಯಿಂದ ಮತ್ತು ಜೊತೆಯಲ್ಲಿದ್ದ ಬೇಸ್ ಗಿಟಾರಿನಿಂದ.

ಆದರೂ ನಿಮ್ಮ ಮಾತಿನ ತಿರುಳನ್ನು ಒಪ್ಪುತ್ತೇನೆ. ನಿಧಾನಗತಿಯಲ್ಲಿ ಒಂದು ಸ್ವರ ಎರಡು ಸೆಕೆಂಡ್ ನಿಲ್ಲುವುದಾದರೆ ಸಡಿಲು ಮಂದ್ರಕ್ಕೆ ಅರಳಲು ಸಮಯವಿರುತ್ತದೆ. ಪ್ರಶ್ನೆ ಕೇಳಿದವರ ಡ್ರಾಪ್ ಸಿ ಪಾಮ್ ಮ್ಯೂಟ್‌ಗಳಿಗೆ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವ ಗಿಡ್ಡ ಸ್ವರಗಳಿಗೆ) ಆ ಸಮಯ ಸಿಗುವುದಿಲ್ಲ.

ತಗ್ಗುಶ್ರುತಿ:

ನಿನ್ನೆಯ ಅಭ್ಯಾಸದಲ್ಲಿ ಹೇಳಿದಂತೆಯೇ ಮಾಡಿದೆ. ಮೊದಲು ಒಬ್ಬನೇ ನುಡಿಸಿದಾಗ ನಿಜಕ್ಕೂ ಅಳು ಬಂದಿತು, ಅಷ್ಟು ಒಣ ನಾದ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಸೇರಿದ ಮೇಲೆ ನಮ್ಮ ಗಾಯಕರು ತಿರುಗಿ ನೋಡಿ, ಆಂಪ್ ಬದಲಿಸಿದೆಯಾ ಎಂದು ಕೇಳಿದರು. ಒಟ್ಟು ಸದ್ದಿನ ಮಾಸ್ಟರ್ ಗುಂಡಿಯನ್ನು ಮುಟ್ಟಿರಲೇ ಇಲ್ಲ. ಎರಡು ತೊಂದರೆಗಳು ಉಳಿದಿವೆ. ಸದ್ದು ಇನ್ನೂ ಸ್ವಲ್ಪ ಹೆಚ್ಚಿಸಿದರೆ 40 ವ್ಯಾಟ್‌ನ ಕಾಂಬೊ ಪಾಮ್ ಮ್ಯೂಟ್‌ನ ಪ್ರತಿ ಹೊಡೆತಕ್ಕೂ ಕೆಮ್ಮುತ್ತದೆ. ಎರಡನೆಯದು, ನಮ್ಮ ಇನ್ನೊಬ್ಬ ಗಿಟಾರ್ ವಾದಕರೂ ಇದನ್ನೇ ನಕಲು ಮಾಡಿದ್ದರಿಂದ ಯಾರ ಗಿಟಾರ್ ಯಾವುದು ಎಂದು ತಿಳಿಯುತ್ತಿಲ್ಲ. ಆದ್ದರಿಂದ ಆಂಪ್ ಆರಿಸುವ ಪ್ರಶ್ನೆಯನ್ನು ಮತ್ತೆ ಮುಂದಿಡುತ್ತೇನೆ.

ಆರನೆಯತಂತಿ:

ವ್ಯಾಟ್‌ಗಳ ಲೆಕ್ಕವನ್ನು ನಾನು ಹೇಳುತ್ತೇನೆ. ಶಕ್ತಿ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬಲ್, ಆದರೆ ಕಿವಿಗೆ ಎರಡು ಪಟ್ಟು ಜೋರು ಎನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 100 ವ್ಯಾಟ್‌ನ ಆಂಪ್ 50 ವ್ಯಾಟ್‌ನದಕ್ಕಿಂತ ಸ್ವಲ್ಪ ಮಾತ್ರ ಜೋರು. ಆ ಹೆಚ್ಚುವರಿ ಶಕ್ತಿ ಉಪಯೋಗಕ್ಕೆ ಬರುವುದು ಮಂದ್ರದಲ್ಲಿ, ಏಕೆಂದರೆ ತಗ್ಗಿನ ಸ್ವರಗಳು ಅತಿ ಹೆಚ್ಚು ಶಕ್ತಿಯನ್ನು ಕಬಳಿಸುತ್ತವೆ, ಮತ್ತು ಪವರ್ ಹಂತದಲ್ಲಿ (ಸ್ಪೀಕರನ್ನು ನಡೆಸುವ ಆಂಪಿನ ಕೊನೆಯ ಹಂತದಲ್ಲಿ) ಮೊದಲು ಕೆಮ್ಮುವುದೂ ಅವೇ.

ಆದರೆ ವ್ಯಾಟ್‌ಗಿಂತ ಮೊದಲು ಸ್ಪೀಕರ್ ಕಡೆ ನೋಡಿ. ಸೆಲೆಷನ್ ಸಂಸ್ಥೆಯ ಜಿ12ಟಿ-75ರ ಸಂವೇದನಾಶೀಲತೆ (ಅಷ್ಟೇ ಶಕ್ತಿಗೆ ಹೊರಡುವ ಸದ್ದಿನ ಮಟ್ಟ) 97 ಡೆಸಿಬಲ್, ವಿಂಟೇಜ್ 30ರದು 100. ಕಾಗದದ ಮೇಲಿನ ಈ 3 ಡೆಸಿಬಲ್ ಎಂದರೆ ಆಂಪಿನ ಶಕ್ತಿ ದುಪ್ಪಟ್ಟಾದಂತೆಯೇ. ನಾದದಲ್ಲೂ ಅವು ಅಣ್ಣತಮ್ಮಂದಿರಲ್ಲ: ವಿಂಟೇಜ್ 30 ಮೇಲುಮಧ್ಯವನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ, ಜಿ12ಟಿ-75 ಮಧ್ಯದಲ್ಲಿ ತುಸು ಹಿಂದೆ ಸರಿದು ಎರಡು ತುದಿಗಳಲ್ಲಿ ಹಿಗ್ಗುತ್ತದೆ. ಒಂದೇ ಹೆಡ್‌ಗೆ (ಸ್ಪೀಕರ್ ಇಲ್ಲದ ಆಂಪ್‌ಗೆ) ಈ ಎರಡರ ಕ್ಯಾಬಿನೆಟ್‌ಗಳನ್ನು (ಸ್ಪೀಕರ್ ಪೆಟ್ಟಿಗೆಗಳನ್ನು) ಬದಲಿಸಿ ಕೇಳಿದವರು ಆಮೇಲೆ ಹೆಡ್‌ಗಳ ಬಗ್ಗೆ ಅಷ್ಟೊಂದು ವಾದಿಸುವುದಿಲ್ಲ. ಹಳೆಯ 25 ವ್ಯಾಟ್‌ನ ಗ್ರೀನ್‌ಬ್ಯಾಕ್‌ಗಳು ಸೊಗಸಾಗಿದ್ದರೂ, ಅಂಥ ಎರಡನ್ನು 50 ವ್ಯಾಟ್‌ನ ಹೆಡ್‌ಗೆ ಜೋಡಿಸಿ ತಗ್ಗಿದ ಶ್ರುತಿಯಲ್ಲಿ ನುಡಿಸುವುದನ್ನು ನಾನು ಸಲಹೆ ಮಾಡಲಾರೆ, ಏಕೆಂದರೆ ಪೂರ್ತಿ ಒತ್ತಿದ ವಾಲ್ವ್ ಆಂಪ್ ತನ್ನ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಶಕ್ತಿಯನ್ನೇ ಹೊರಹಾಕುತ್ತದೆ.

ನಿಮ್ಮ ಕಾಂಬೊದ ಹಿಂಬದಿ ತೆರೆದಿದೆ ಎಂದಿದ್ದೀರಿ. ಸ್ಪೀಕರಿನ ಹಿಂದಿನಿಂದ ಹೊರಟ ಅಲೆ ಮುಂದಿನದಕ್ಕೆ ವಿರುದ್ಧವಾದ್ದರಿಂದ, ತಗ್ಗಿನ ಸ್ವರಗಳಲ್ಲಿ ಅವೆರಡೂ ಸುತ್ತಿ ಬಂದು ಒಂದನ್ನೊಂದು ನುಂಗುತ್ತವೆ. ಹಿಂಬದಿ ಮುಚ್ಚಿದ, ಹನ್ನೆರಡು ಇಂಚಿನ ಎರಡು ಸ್ಪೀಕರ್ ಇರುವ ಕ್ಯಾಬಿನೆಟ್ ನಿಮ್ಮ ಪಾಮ್ ಮ್ಯೂಟ್‌ಗೆ ಹೊಸ ಹೆಡ್‌ಗಿಂತ ಹೆಚ್ಚು ಸಹಾಯ ಮಾಡೀತು.

ಹಳೆಯವಾಲ್ವ್:

ಈಗ ಮೂರು ವಂಶಗಳ ಮಾತಿಗೆ ಬರೋಣ. ಮಾರ್ಷಲ್‌ನ ಮಾಸ್ಟರ್ ವಾಲ್ಯೂಮ್ ಇರುವ 2203 ಮಂಡಲ 1975ರಲ್ಲಿ ಬಂದದ್ದು, ಅದು ಜೆಸಿಎಂ800 ಎಂಬ ಹೆಸರು ಮತ್ತು ಹೊಸ ರೂಪ ಪಡೆದದ್ದು 1981ರಲ್ಲಿ. ಇಂದಿನ ಅಳತೆಯಲ್ಲಿ ಅದರ ಗೇನ್ ಹೆಚ್ಚೇನಲ್ಲ, ಗುಂಡಿ ಪೂರ್ತಿ ತಿರುಗಿಸಿದರೂ ಕೈಯ ಕೆಲಸವನ್ನು ಬಯಲು ಮಾಡುವ ಆಂಪ್ ಅದು. ಮೆಟಲ್‌ಗೆ ಬಳಸುವವರು ಅದರ ಮುಂದೆ ಪೆಡಲ್ ಇಟ್ಟೇ ಇಡುತ್ತಾರೆ. ಮಧ್ಯದಲ್ಲಿ ಅದರ ಮೊರೆತಕ್ಕೆ ಸಾಟಿಯಿಲ್ಲ, ಆದರೆ ಸ್ವಲ್ಪ ಜೋರಾಗಿ ನುಡಿಸದೆ ಅದು ಮನಸ್ಸು ಬಿಚ್ಚುವುದಿಲ್ಲ.

ಸೋಲ್ಡಾನೊ ಎಸ್‌ಎಲ್‌ಒ-100 ಎಂಬತ್ತರ ದಶಕದ ಕೊನೆಯಲ್ಲಿ ಗೇನ್ ಹಂತಗಳನ್ನು ಹೆಚ್ಚಿಸಿ ಹೊಸ ದಾರಿ ತೋರಿಸಿತು. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರೊಂದಿಗೆ ಸೇರಿ ಪೀವಿ ಸಂಸ್ಥೆ 1992ರಲ್ಲಿ ತಂದ 5150, ಮತ್ತು ಅದೇ ಕಾಲದ ಮೆಸಾ ಡ್ಯುಯಲ್ ರೆಕ್ಟಿಫೈಯರ್, ಎರಡರಲ್ಲೂ ಆ ದಾರಿಯ ಗುರುತುಗಳಿವೆ. ಪೀವಿಯ ಆಂಪ್ ಮುಂದೆ 6505 ಎಂಬ ಹೆಸರಿನಲ್ಲಿ ಮುಂದುವರಿಯಿತು. ಈ ಬಗೆಯ ಮಂಡಲಗಳಲ್ಲಿ ಒಂದು ವಾಲ್ವ್ ಹಂತವನ್ನು ಬೇಕೆಂದೇ ತಣ್ಣಗೆ, ಅಂದರೆ ಕಡಿಮೆ ವಿದ್ಯುತ್ ಹರಿಯುವಂತೆ ಬಯಾಸ್ ಮಾಡಿರುತ್ತಾರೆ. ಅದು ಅಲೆಯ ಒಂದು ಬದಿಯನ್ನು ಬೇಗ ಕತ್ತರಿಸುತ್ತದೆ. ಆ ಕರಕರ ಶಬ್ದದ ಮೂಲ ಅಲ್ಲಿದೆ.

5150 ವಂಶದಲ್ಲಿ ಗೇನ್ ಗುಂಡಿಯ ಮೇಲರ್ಧವನ್ನು ನಾನು ಇದುವರೆಗೂ ಬಳಸಿಲ್ಲ. ಮೇಲರ್ಧದಲ್ಲಿ ನಾದ ಹೆಚ್ಚುವುದಿಲ್ಲ, ಗದ್ದಲ ಮಾತ್ರ ಹೆಚ್ಚುತ್ತದೆ. ಪ್ರೆಸೆನ್ಸ್ ಮತ್ತು ರೆಸೊನೆನ್ಸ್ ಎಂಬ ಗುಂಡಿಗಳು ಪವರ್ ಹಂತದ ಋಣ ಮರುಪೂರಣವನ್ನು (ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಹೊರಬಂದ ಸಂಕೇತದ ಒಂದಂಶವನ್ನು ತಿರುವಿ ಹಿಂದಕ್ಕೆ ಕೊಡುವುದನ್ನು) ಬದಲಿಸುತ್ತವೆ, ಒಂದು ಮೇಲಿನ ಸ್ವರಗಳಲ್ಲಿ, ಇನ್ನೊಂದು ಕೆಳಗಿನವುಗಳಲ್ಲಿ. ಮರುಪೂರಣ ಕಡಿಮೆಯಾದಷ್ಟೂ ಆ ಭಾಗದಲ್ಲಿ ಸ್ಪೀಕರಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ರೆಕ್ಟಿಫೈಯರ್‌ನ ಮಾಡರ್ನ್ ವಿಧಾನದಲ್ಲಿ ಈ ಮರುಪೂರಣವನ್ನೇ ಕಿತ್ತುಹಾಕಿರುವುದರಿಂದ ಮಂದ್ರ ಅಗಲವಾಗಿಯೂ ಸಡಿಲವಾಗಿಯೂ ಇರುತ್ತದೆ. ಆ ಆಂಪನ್ನು ಬೈಯುವವರಲ್ಲಿ ಬಹುಪಾಲು ಜನ ಅದರ ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಮೇಲೆ, ಪ್ರೆಸೆನ್ಸ್ ಅನ್ನೂ ಮೇಲೆ ಇಟ್ಟವರು. ಬೇಸ್ 3, ಪ್ರೆಸೆನ್ಸ್ 2 ಅಥವಾ 3ಕ್ಕೆ ಇಳಿಸಿ, ಮುಂದೆ ಒಂದು ಓವರ್‌ಡ್ರೈವ್ ಇಟ್ಟರೆ ಅದು ಬೇರೆಯೇ ಪ್ರಾಣಿ.

ನಿಮ್ಮ ಶ್ರುತಿಗೆ, ನಿಮ್ಮ ವೇಗಕ್ಕೆ 5150 ವಂಶವೇ ಹೆಚ್ಚು ಸುಲಭವಾಗಿ ಒಗ್ಗೀತು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಜೊತೆಗಾರರು ಬೇರೆ ವಂಶದ್ದನ್ನು ಹಿಡಿಯಲಿ. ಇಬ್ಬರದೂ ಒಂದೇ ಬಗೆಯಾದರೆ ಕೊನೆಯ ಪಕ್ಷ ಸ್ಪೀಕರ್ ಬೇರೆಯಿರಲಿ, ಮಧ್ಯವನ್ನು ಬೇರೆಬೇರೆ ಜಾಗದಲ್ಲಿ ಎತ್ತಿ. ಇಬ್ಬರೂ ಗೇನ್ ಇನ್ನೊಂದು ಹಂತ ಇಳಿಸಿ, ಏಕೆಂದರೆ ಎರಡು ಗಿಟಾರ್ ಒಂದೇ ರಿಫ್ ನುಡಿಸಿದಾಗ ದಪ್ಪ ತಾನಾಗಿ ಬರುತ್ತದೆ.

ಧ್ವನಿಫಲಕ:

ವಾಲ್ವ್ ಕೊಳ್ಳುವುದಾದರೆ ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ. ಕ್ಯಾಬಿನೆಟ್ಟಿನ ಓಮ್‌ಗೆ ಸರಿಹೊಂದುವ ಜಾಕ್‌ಗೇ ತಂತಿ ಹಾಕಿ: 16 ಓಮ್‌ನ ಎರಡು ಸ್ಪೀಕರ್‌ಗಳು ಸಮಾಂತರದಲ್ಲಿ 8 ಆಗುತ್ತವೆ, ಸರಣಿಯಲ್ಲಿ 32 ಆಗುತ್ತವೆ. ಆ ತಂತಿ ಸ್ಪೀಕರಿನದೇ ಆಗಿರಬೇಕು, ಗಿಟಾರಿನ ತೆಳು ತಂತಿಯಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದಾದ್ದರಿಂದ ಕುತೂಹಲಕ್ಕೆಂದು ಪೆಟ್ಟಿಗೆ ಬಿಚ್ಚಬಾರದು.

ಮರಿಗೇನ್:

ಡಿಜಿಟಲ್ ಮಾಡೆಲರ್ (ಆಂಪ್‌ಗಳ ನಾದವನ್ನು ಅನುಕರಿಸುವ ಸಾಧನ) ಬಗ್ಗೆ ಯಾರೂ ಮಾತೆತ್ತಲಿಲ್ಲವಲ್ಲ? ನಾನು ಹಲವು ವರ್ಷಗಳಿಂದ ಬರೀ ಮಾಡೆಲರ್ ಬಳಸುತ್ತಿದ್ದೇನೆ. ಮೊದಲು ಕ್ಯಾಬಿನೆಟ್ ಜೋಡಿಸಿದಾಗ ಕಂಬಳಿ ಹೊದಿಸಿದಂತೆ ಕೇಳಿ ನಿರಾಸೆಯಾಗಿತ್ತು.

ಧ್ವನಿಫಲಕ:

ಬಹುಶಃ ಕ್ಯಾಬಿನೆಟ್ಟಿನ ಅನುಕರಣೆಯನ್ನು ಚಾಲೂ ಇಟ್ಟುಕೊಂಡೇ ನಿಜವಾದ ಗಿಟಾರ್ ಕ್ಯಾಬಿನೆಟ್ಟಿಗೆ ಹಾಕಿದ್ದಿರಿ. ಗಿಟಾರ್ ಸ್ಪೀಕರ್ ಎಂಬುದೇ ಒಂದು ದೊಡ್ಡ ಸೋಸಕ, 5,000 ಹರ್ಟ್ಜ್ ಆಚೆಗೆ ಅದು ಕಡಿದಾಗಿ ಇಳಿಯುತ್ತದೆ. ಅನುಕರಣೆ ಒಮ್ಮೆ, ನಿಜದ್ದು ಇನ್ನೊಮ್ಮೆ ಎಂದು ಎರಡು ಸಲ ಸೋಸಿದರೆ ಕಂಬಳಿಯಾಗುತ್ತದೆ. ಗಿಟಾರ್ ಕ್ಯಾಬಿನೆಟ್ಟಿಗೆ ಹೋಗುವಾಗ ಅನುಕರಣೆಯನ್ನು ಬಂದ್ ಮಾಡಬೇಕು, ಮಿಕ್ಸರಿಗೋ ಹೆಡ್‌ಫೋನಿಗೋ ಹೋಗುವಾಗ ಚಾಲೂ ಮಾಡಬೇಕು. ಮಾಡೆಲರ್‌ನಲ್ಲಿ ಪೂರ್ಣ ವ್ಯಾಪ್ತಿಯ ಸ್ಪೀಕರ್ ಬಳಸುವವರು 80ರಿಂದ 100 ಹರ್ಟ್ಜ್ ಕೆಳಗಿನದನ್ನೂ, 6,000ದಿಂದ 8,000 ಮೇಲಿನದನ್ನೂ ಕತ್ತರಿಸಿದರೆ ಬಹಳಷ್ಟು ದೂರುಗಳು ಮುಗಿಯುತ್ತವೆ. ಹೆಡ್‌ಫೋನಿನಲ್ಲಿ ರಾತ್ರಿ ತಯಾರಿಸಿದ ಪ್ಯಾಚನ್ನು (ಉಳಿಸಿಟ್ಟ ಹೊಂದಾಣಿಕೆಯನ್ನು) ಹಾಗೆಯೇ ತಂಡದ ನಡುವೆ ತರಬೇಡಿ. 1933ರ ಆ ರೇಖೆಗಳು ಡಿಜಿಟಲ್‌ಗೂ ರಿಯಾಯಿತಿ ಕೊಡುವುದಿಲ್ಲ.

ಕರಿಮೋಡ:

ಪೆಡಲ್‌ಗಳ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಬಾಸ್ ಎಚ್‌ಎಂ-2 ಪೆಡಲ್ 1983ರಿಂದ 1991ರವರೆಗೆ ತಯಾರಾಗಿ ನಿಂತುಹೋಯಿತು. ಅದರ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸಿ ಸ್ಟಾಕ್‌ಹೋಮ್‌ನ ಡೆತ್ ಮೆಟಲ್ ತಂಡಗಳು ಗರಗಸದಂಥ ನಾದವೊಂದನ್ನು ಹುಟ್ಟಿಸಿದವು. ನಿಮ್ಮ ಶಿಸ್ತಿನ ಲೆಕ್ಕದ ಪ್ರಕಾರ ಅದು ಆಗಬಾರದಿತ್ತು.

ಹಳೆಯವಾಲ್ವ್:

ಆಗಲೇಬೇಕಿತ್ತು ಎನ್ನುತ್ತೇನೆ. ಆ ಪೆಡಲ್‌ನ ಮೇಲಿನ ಗುಂಡಿ ಎತ್ತುವುದು 1,000 ಹರ್ಟ್ಜ್ ಆಸುಪಾಸನ್ನು, ಅಂದರೆ ಸೀದಾ ಮಧ್ಯವನ್ನು. ಗುಂಡಿಯ ಕೆಳಗೆ ಬರೆದಿರುವ ಹೆಸರನ್ನು ನಂಬಿ ಕೂರಬಾರದು. ಆದರೂ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸುವುದನ್ನು ಕಂಡುಹಿಡಿದವರು ಇಂಥ ಚರ್ಚೆಗಳನ್ನು ಓದಿ ಮಾಡಿದವರಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆರನೆಯತಂತಿ:

ಯಾರೂ ಹೇಳದ ಒಂದು ಸಣ್ಣ ಸಂಗತಿ ಉಳಿದಿದೆ. ಹನ್ನೆರಡು ಇಂಚಿನ ಸ್ಪೀಕರ್ ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರಕ್ಕೆ ಎಸೆಯುತ್ತದೆ. ಕಾಂಬೊ ನೆಲದ ಮೇಲಿದ್ದು ನೀವು ಅದರ ಪಕ್ಕದಲ್ಲೇ ನಿಂತಿದ್ದರೆ ಆ ಬೆಳಕು ಬೀಳುವುದು ನಿಮ್ಮ ಮೊಣಕಾಲಿಗೆ. ಕಿವಿಗೆ ಮಂದವಾಗಿ ಕೇಳುತ್ತದೆಂದು ಟ್ರೆಬಲ್ ಏರಿಸುತ್ತೀರಿ, ಎದುರು ನಿಂತವರ ಹಲ್ಲು ಜುಮ್ಮೆನ್ನುತ್ತದೆ. ಪೆಟ್ಟಿಗೆಯನ್ನು ಎದೆಯೆತ್ತರಕ್ಕೆ ಏರಿಸಿ ಅಥವಾ ಹಿಂದಕ್ಕೆ ವಾಲಿಸಿ, ಅದರ ಎದುರು ನಿಂತು ಹೊಂದಿಸಿ. ಧ್ವನಿಮುದ್ರಣಕ್ಕೂ ಇದೇ ನಿಯಮ: ಎಸ್‌ಎಂ57 ಮೈಕನ್ನು ಸ್ಪೀಕರಿನ ಮಧ್ಯದ ಗುಮ್ಮಟದಿಂದ ಎರಡು ಬೆರಳಷ್ಟು ಅಂಚಿಗೆ ಸರಿಸಿದರೆ ಆಗುವ ಬದಲಾವಣೆ, ಟ್ರೆಬಲ್ ಗುಂಡಿಯ ಅರ್ಧ ಸುತ್ತಿಗಿಂತ ದೊಡ್ಡದು.

ನಾಯ್ಸ್ ಗೇಟ್ (ನುಡಿಸದಿರುವಾಗ ಗದ್ದಲ ತಡೆಯುವ ಸಾಧನ) ಬೇಕೆಂದರೆ ಹಾಕಿ, ಆದರೆ ಗೇನ್ ಇಳಿಸಿದ ಮೇಲೆ. ಅದು ಗಿಟಾರಿನ ನೇರ ಸಂಕೇತವನ್ನು ಕೇಳಿಸಿಕೊಂಡು, ಕತ್ತರಿಸುವುದನ್ನು ಎಫೆಕ್ಟ್ ಲೂಪ್‌ನಲ್ಲಿ (ಗೇನ್ ಹಂತಗಳ ನಂತರದ ಜೋಡಣೆಯಲ್ಲಿ) ಮಾಡುವಂತಿದ್ದರೆ ರಿಫ್‌ಗಳ ನಡುವಿನ ನಿಲುಗಡೆ ಚಾಕುವಿನಲ್ಲಿ ಕೊಯ್ದಂತೆ ಬರುತ್ತದೆ.

ತಗ್ಗುಶ್ರುತಿ:

ಎರಡು ತಿಂಗಳ ನಂತರ ಮರಳಿ ಬರೆಯುತ್ತಿದ್ದೇನೆ. ಮೊದಲು ಕೊಂಡದ್ದು ಹಿಂಬದಿ ಮುಚ್ಚಿದ, ಎರಡು ವಿಂಟೇಜ್ 30 ಇರುವ ಕ್ಯಾಬಿನೆಟ್. ಹೊರ ಸ್ಪೀಕರಿಗೆ ಜಾಕ್ ಇದ್ದುದರಿಂದ ಹಳೆಯ ಕಾಂಬೊವನ್ನೇ ಅದಕ್ಕೆ ಜೋಡಿಸಿ ಮೂರು ವಾರ ನುಡಿಸಿದೆ. ಆ ಮೂರು ವಾರಗಳಲ್ಲಿ ಹೊಸ ಹೆಡ್ ಬೇಕೇ ಬೇಡವೇ ಎಂದು ನಿಜಕ್ಕೂ ಅನುಮಾನವಾಯಿತು. ಕೊನೆಗೆ 5150 ವಂಶದ 50 ವ್ಯಾಟ್‌ನ ಹೆಡ್ ತೆಗೆದುಕೊಂಡೆ. ಮುಂದೆ ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್ ಇದೆ, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಗೇನ್ 3.5, ಬೇಸ್ 4, ಮಿಡ್ 6, ಟ್ರೆಬಲ್ 5, ಪ್ರೆಸೆನ್ಸ್ 4. ನನ್ನ ಜೊತೆಗಾರರು ಜೆಸಿಎಂ800 ಬಗೆಯದನ್ನು ಜಿ12ಟಿ-75 ಕ್ಯಾಬಿನೆಟ್ಟಿನೊಂದಿಗೆ ನುಡಿಸುತ್ತಿದ್ದಾರೆ, ಈಗ ಯಾರು ತಪ್ಪು ನುಡಿಸಿದರೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಅದು ನಾನೇ. ಗೇನ್ 9ರಲ್ಲಿ ಮುಚ್ಚಿಹೋಗಿದ್ದ ಬಲಗೈಯ ಅಸಮತೆಯೆಲ್ಲ 3.5ರಲ್ಲಿ ಬಯಲಾಗಿ, ಮೆಟ್ರೊನೋಮ್ ಮುಂದೆ ಕೂರುವಂತಾಗಿದೆ.

ಒಂದೇ ಪ್ರಶ್ನೆ ಉಳಿದಿದೆ. ರೆಸೊನೆನ್ಸ್ 5ಕ್ಕೆ ಇಟ್ಟರೆ ಒಂದು ಸ್ವರ ಮಾತ್ರ, ಐದನೆಯ ತಂತಿಯ ಎ ಆಸುಪಾಸಿನದು, ಉಳಿದವಕ್ಕಿಂತ ಭೂತದಂತೆ ಊದಿಕೊಳ್ಳುತ್ತದೆ. 2ಕ್ಕೆ ಇಳಿಸಿದರೆ ನಾದವೆಲ್ಲ ಬಡಕಲಾಗುತ್ತದೆ. ಕ್ಯಾಬಿನೆಟ್ ಕೋಣೆಯ ಮೂಲೆಯಲ್ಲಿ ನೆಲದ ಮೇಲಿದೆ.

ಆರನೆಯತಂತಿ:

ಉತ್ತರವನ್ನು ನಿಮ್ಮ ಕೊನೆಯ ವಾಕ್ಯದಲ್ಲಿ ನೀವೇ ಬರೆದಿದ್ದೀರಿ. ನೆಲ ಮತ್ತು ಎರಡು ಗೋಡೆಗಳು ಸೇರುವ ಜಾಗ ಮಂದ್ರವನ್ನು ಉಬ್ಬಿಸುತ್ತದೆ, ಕೋಣೆಯ ಅಳತೆಗೆ ತಾಳೆಯಾಗುವ ಸ್ವರವನ್ನಂತೂ ವಿಶೇಷವಾಗಿ. ಕ್ಯಾಬಿನೆಟ್ಟನ್ನು ಮೂಲೆಯಿಂದ ಎರಡು ಹೆಜ್ಜೆ ಹೊರಗೆ ತನ್ನಿ, ಗಟ್ಟಿಯಾದ ಪೆಟ್ಟಿಗೆಯೊಂದರ ಮೇಲೆ ಏರಿಸಿ, ರೆಸೊನೆನ್ಸ್ ಅನ್ನು 4ಕ್ಕೆ ಇಟ್ಟು ಅದೇ ಎ ನುಡಿಸಿ ನೋಡಿ. ಆಗಲೂ ಊದಿಕೊಂಡರೆ ಕ್ಯಾಬಿನೆಟ್ಟನ್ನು ಇನ್ನೊಂದು ಗೋಡೆಗೆ ಬದಲಿಸಿ, ಗುಂಡಿಗಳನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ.